ಬಚ್ಚಲಲ್ಲಿ ಇನ್ನೊಬ್ಬಾಕಿ

ಲಂಡನ್ನಿಗೆ ಬಂದ ಮೇಲೆ ಶಿವಕ್ಕ ಕಲಿತ ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲು ರೈಲಿನೊಳಗೆ ಕೂಗುವ ಹೆಂಗಸಿನದು. ಅರ್ಥ ಅಷ್ಟಕ್ಕಷ್ಟೇ, ರಾಗ ಮಾತ್ರ ಅಚ್ಚು. ಫೆಲ್ಥಮ್ಮಿನಿಂದ ಹೊರಟು ರಿಚ್ಮಂಡಿನಲ್ಲಿ ರೈಲು ಬದಲಿಸಿ ಕೂತಳೆಂದರೆ, ಗೋಡೆಯ ಹೆಂಗಸು ಬಾಯಿ ತೆರೆಯುವ ಮೊದಲೇ ಶಿವಕ್ಕ ಮೂಗಿನಲ್ಲಿ ಉಲಿಯುವಳು: "ದಿಸ್ ಈಸ್ ಎ ಡಿಸ್ಟ್ರಿಕ್ಟ್ ಲೈನ್ ಟ್ರೇನ್ ಟು ಅಪ್‌ಮಿನ್‌ಸ್ಟರ್." ಎದುರಿಗೆ ಕೂತ ಸೂಟಿನವನು ಸ್ಪೀಕರ್ ಎಲ್ಲಿದೆ ಎಂದು ಮೇಲೆ ಕೆಳಗೆ ನೋಡುವನು. ಶಿವಕ್ಕ ತನಗೂ ಅದಕ್ಕೂ ಸಂಬಂಧವಿಲ್ಲದವಳ ಹಾಗೆ ಸೆರಗು ಸರಿಮಾಡಿಕೊಳ್ಳುವಳು.

"ಬಿಜಾಪುರ ಡಿಸ್ಟ್ರಿಕ್ಟಿನ್ಯಾಗ ಹುಟ್ಟಿದೆ, ಡಿಸ್ಟ್ರಿಕ್ಟ್ ಲೈನಿನ್ಯಾಗ ಜೋತಾಡಾಕತ್ತೀನಿ" ಎನ್ನುವುದು ಅವಳ ಹಳೆಯ ಜೋಕು. ಕೇಳಿದವರು ನಗದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದಳು.

ಅವಳು ಜೋತಾಡುತ್ತಿದ್ದದ್ದು ಕೂಸುಗಳ ಸಲುವಾಗಿ. ಲಂಡನ್ನಿನ ಕನ್ನಡದವರ ಮನೆಯಲ್ಲಿ ಹೆರಿಗೆಯಾದರೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಶಿವಕ್ಕನೇ ಬರಬೇಕು. ಬಸುರಾದ ಹೆಣ್ಣುಮಕ್ಕಳು ಮೊದಲು ಆಸ್ಪತ್ರೆಯಲ್ಲಿ ಹೆಸರು ಬರೆಸುತ್ತಿದ್ದರು, ಆಮೇಲೆ ಶಿವಕ್ಕನ ಹತ್ತಿರ. ಜಾಣರು ಮೊದಲು ಶಿವಕ್ಕನ ಹತ್ತಿರ. ಅವಳು ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲಿಗೆ ಸರಿಸಿ, ಕಾಲು ಚಾಚಿ ಕೂರುವಳು. ಚಾಚಿದ ಕಾಲಿನ ಮೇಲೆ ಕೂಸು. ಮೈ ತಿಕ್ಕಿ, ಬಿಸಿನೀರು ಹೊಯ್ದು, ಕೂಸು ಮುಗಿಲು ಹರಿಯುವಂತೆ ಅತ್ತಾಗ ಎತ್ತಿಕೊಂಡು, ಕಿವಿಗೂ ಮೂಗಿಗೂ ಸಣ್ಣಗೆ ಗಾಳಿ ಊದುವಳು. ನೀರು ನಿಂತಿದ್ದರೆ ಹೋಗಲಿ ಅಂತ. ಆ ಊದಿಗೆ ಅಳು ಗಕ್ಕನೆ ನಿಲ್ಲುತ್ತಿತ್ತು. ಹತ್ತಿರ ನಿಂತ ತಾಯಂದಿರಿಗೆ ಅದೊಂದು ಮಂತ್ರವೇ ಅನಿಸುತ್ತಿತ್ತು. ಶಿವಕ್ಕನಿಗೂ ಹಾಗೇ ಅನಿಸುತ್ತಿತ್ತು, ಆದರೆ ಅವಳು ಹೇಳುತ್ತಿರಲಿಲ್ಲ.

ದೀಪಾವಳಿ ಆದಮೇಲೆ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಸಂಜೆ ಮೈ ಬೆಚ್ಚಗಾಗುವುದು, ಹೊತ್ತು ಮೂಡುವುದರೊಳಗೆ ಬೆವರಿ ದಿಂಬು ಒದ್ದೆ. ಮಗ ಸಂಗಮೇಶ ಏರ್‌ಪೋರ್ಟಿನಲ್ಲಿ ಬ್ಯಾಗು ಏರಿಸುವ ಕೆಲಸದವನು, ಶಿಫ್ಟು ಮುಗಿಸಿ ಬಂದಾಗಲೆಲ್ಲ ಒಂದೇ ರಾಗ.

"ಯವ್ವಾ, ಜಿಪಿ ಡಾಕ್ಟರ್ ಕಡೆ ಹೋಗೂಣು ನಡಿ."

"ಜಿಪಿ ಅಂದ್ರ ಏನಂತ ಗೊತ್ತೈತೇನು? ಗಪ್ಪನ ಪ್ಯಾರಾಸಿಟಮಾಲ್ ನುಂಗು ಅಂತ. ಅದನ್ನ ಹೇಳಾಕ ಎರಡು ವಾರ ಕಾಯಿಸ್ತಾರ."

ಅವಳ ಬಳಿ ಬೇರೆ ಔಷಧವಿತ್ತು. ವಿಜಯಪುರದಲ್ಲಿ ತಂಗಿಯ ಅಳಿಯನದು ಮೆಡಿಕಲ್ ಶಾಪು. ಊರಿಗೆ ಹೋದಾಗಲೆಲ್ಲ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟುವ ಡಬ್ಬಿಯೊಳಗೇ ಗುಳಿಗೆಗಳನ್ನೂ ಕಟ್ಟಿಕೊಂಡು ಬರುವಳು. ಜ್ವರಕ್ಕೊಂದು, ಹೊಟ್ಟೆಗೊಂದು, "ಎಲ್ಲಾದಕ್ಕೂ ಸ್ಟ್ರಾಂಗು" ಅಂತ ಒಂದು. ಆ ಸ್ಟ್ರಾಂಗು ನುಂಗಿದರೆ ಜ್ವರ ಇಳಿಯುವುದು, ಕೆಮ್ಮು ಮೆತ್ತಗಾಗುವುದು. ಬಿಟ್ಟ ಕೆಲವು ದಿನಕ್ಕೆ ಮತ್ತೆ ಬರುವುದು. ಮತ್ತೆ ನುಂಗುವಳು.

ಜಿಪಿಯ ಹತ್ತಿರ ಹೋಗದಿರಲು ನಿಜವಾದ ಕಾರಣ ಪ್ಯಾರಾಸಿಟಮಾಲ್ ಅಲ್ಲ. ಕೆಮ್ಮುವ ಮುದುಕಿಯ ಕೈಗೆ ಕೂಸು ಯಾರು ಕೊಡುತ್ತಾರೆ? ಕೂಸು ಕೈಗೆ ಬಾರದಿದ್ದರೆ ಫೆಲ್ಥಮ್ಮಿನ ಫ್ಲ್ಯಾಟಿನಲ್ಲಿ ಕೂತು ವಿಮಾನದ ಹೊಟ್ಟೆ ನೋಡುವುದೊಂದೇ ಅವಳಿಗೆ ಉಳಿಯುವ ಕೆಲಸ. ಹಾಗಾಗಿ ಯಾರ ಮನೆಯ ಬಾಗಿಲು ಬಡಿಯುವ ಮೊದಲೂ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಳ್ಳುವಳು. ಕೆಮ್ಮು ಬಂದರೆ ನುಂಗುವಳು. ಊರಿನ ಎಲ್ಲರ ಕಂಠ ಕದಿಯುವವಳು ತನ್ನ ಕಂಠವನ್ನೇ ಮುಚ್ಚಿಟ್ಟುಕೊಂಡಿದ್ದಳು.

ಆ ಚಳಿಗಾಲದಲ್ಲಿ ಅವಳಿಗೆ ಈಸ್ಟ್ ಹ್ಯಾಮಿನ ಕೂಸು ಸಿಕ್ಕಿತು. ತಾಯಿ ಮಾಳವಿಕಾ ಮೈಸೂರಿನವಳು, ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ಈಗ ಹೆರಿಗೆ ರಜೆಯಲ್ಲಿ. ಅವಳ ಅಮ್ಮ ಮಂಡಿ ಆಪರೇಷನ್ ಮಾಡಿಸಿಕೊಂಡು ಮೈಸೂರಿನಲ್ಲೇ ಉಳಿದಿದ್ದರಿಂದ ಶಿವಕ್ಕನಿಗೆ ಕರೆ ಬಂತು. ಗಂಡ ಸಮರ್ಥ, ಹೆಸರಿಗೆ ತಕ್ಕಂತೆ ಯಾವುದಕ್ಕೂ ಒಂದು ಸಮರ್ಥನೆ ಇಟ್ಟುಕೊಂಡವನು. ಯಾವುದೋ ಕೌನ್ಸಿಲ್ಲಿನ ಆರೋಗ್ಯ ವಿಭಾಗದಲ್ಲಿ, ಎಲ್ಲಿ ದಡಾರ ಬಂತು, ಎಲ್ಲಿ ನಾಯಿಕೆಮ್ಮು ಬಂತು ಎಂದು ನಕಾಶೆಯ ಮೇಲೆ ಚುಕ್ಕಿ ಇಡುವ ಕೆಲಸ.

"ಅಂದ್ರ ರಂಗೋಲಿ ಹಾಕ್ತೀ ಅನ್ನಪಾ" ಅಂದಳು ಶಿವಕ್ಕ.

"ಹೂಂ ಅಜ್ಜಿ. ಚುಕ್ಕಿ ಸೇರಿಸೋಕೆ ಹೋದ್ರೆ ಯಾರೂ ನಿಜ ಹೇಳಲ್ಲ, ಅದೊಂದೇ ಕಷ್ಟ."

ಮನೆ ಹಳೆಯದು. ಉದ್ದಕ್ಕೂ ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಕೆಂಪು ಇಟ್ಟಿಗೆಯ ಸಾಲಿನಲ್ಲಿ ಒಂದು. ಅಡುಗೆಮನೆ ದಾಟಿ ಹಿಂದೆ ಹೋದರೆ ಬಚ್ಚಲು. ಮೊದಲ ದಿನ ಎಲ್ಲ ಸರಿಯಾಯಿತು. ಶಿವಕ್ಕ ಎರೆದಳು, ಊದಿದಳು, ಕೂಸು ಸುಮ್ಮನಾಯಿತು, ಮಾಳವಿಕಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಎರಡನೆಯ ಸಲ ಬಂದಾಗ ಬಚ್ಚಲಲ್ಲಿ ಇನ್ನೊಬ್ಬಳಿದ್ದಳು.

ಆವಿಯೊಳಗೆ ಮೊದಲು ಸದ್ದು ಕೇಳಿತು. ಗಟ್ಟಿ ಬ್ರಶ್ಶಿನಿಂದ ಉಗುರು ಉಜ್ಜುವ ಸದ್ದು, ಕರ್ ಕರ್ ಎಂದು ಬಿಡುವಿಲ್ಲದೆ. ನೀರಿನ ತೊಟ್ಟಿ ಇಲ್ಲದ ಮೂಲೆಯಲ್ಲಿ ನಿಂತು, ಕಪ್ಪು ಬಟ್ಟೆಯ ಮೇಲೆ ಬಿಳಿ ಏಪ್ರನ್ ಕಟ್ಟಿದ, ತೋಳು ಮೊಣಕೈವರೆಗೆ ಮಡಚಿದ ಬಿಳಿ ಹೆಂಗಸೊಬ್ಬಳು ಏನೂ ಇಲ್ಲದ್ದರಲ್ಲಿ ಕೈ ತೊಳೆಯುತ್ತಿದ್ದಳು. ಕೈ ಕೆಂಪಗೆ ಬಿರಿದು ಹೋಗಿತ್ತು. ಒಂದು ಬೆರಳಿಗೆ ಬಟ್ಟೆ ಸುತ್ತಿತ್ತು, ಆ ಬೆರಳನ್ನು ಮಾತ್ರ ತೊಳೆಯುತ್ತಿರಲಿಲ್ಲ. ಬೆಂಕಿಪೊಟ್ಟಣದ ಅಷ್ಟೂ ಕಡ್ಡಿ ಒಮ್ಮೆಲೇ ಗೀರಿದ ಹಾಗೆ ಗಂಧಕದ ಘಾಟು.

ಶಿವಕ್ಕ ಕಿರುಚಲಿಲ್ಲ. ಕಾಲ ಮೇಲೆ ಕೂಸು ಇರುವಾಗ ಕಿರುಚಬಾರದು. ಬೇಗ ಬೇಗ ನೀರು ಹೊಯ್ದು, ಕೂಸನ್ನು ಎತ್ತಿ, ಊದಲು ಬಗ್ಗಿದಳು. ಆಗ ಬಾಯಿಯ ಮೇಲೆ ಒಂದು ಅಂಗೈ ಬಂದು ಕೂತಿತು. ಬಾವಿಯ ತಳದಷ್ಟು ತಣ್ಣಗೆ, ಒರಟಾಗಿ. ಉಸಿರು ಒಳಗೇ ಉಳಿಯಿತು. ಕೂಸು ಅಳುತ್ತಲೇ ಇತ್ತು.

"ಏನಾಯ್ತು ಶಿವಕ್ಕ?" ಹೊರಗಿನಿಂದ ಮಾಳವಿಕಾ.

"ಏನಿಲ್ಲ ಮಾಳವ್ವಾ. ಇಕಿಗೆ ಇವತ್ತ ನನ್ನ ಮ್ಯಾಲೆ ಸಿಟ್ಟು."

ಎರೆದು ಮುಗಿದ ಮೇಲೆ ಚಹಾಕ್ಕೆ ಕೂತರು. ಸಮರ್ಥ ಮನೆಯಿಂದಲೇ ಕೆಲಸ ಮಾಡುವ ದಿನ. ಅವನ ಆಫೀಸಿನಲ್ಲಿ ನೂರು ವರ್ಷದ ಹಿಂದಿನ ಆರೋಗ್ಯ ಕಾರುಬಾರಿನ ಪ್ರದರ್ಶನ ನಡೆಯುವುದಿತ್ತು, ತಲೆಯೊಳಗೆ ಅದೇ ತುಂಬಿತ್ತು.

"ಅಜ್ಜಿ, ಈಗ ನೀವು ಕೂತ್ಕೋತೀರಲ್ಲ ಬಚ್ಚಲು, ಅದು ಆಗ ಬಟ್ಟೆ ಒಗೆಯೋ ಕೋಣೆ. ಪಾಯಿಖಾನೆ ಅದರಾಚೆ ಅಂಗಳದಲ್ಲಿ. ಕಾಯಿಲೆ ಬಂತು ಅಂದ್ರೆ ಇನ್‌ಸ್ಪೆಕ್ಟರ್ ಮನೆಗೇ ಬರ್ತಿದ್ದ. ಮೊದಲು ಮೋರಿ ಮೂಸೋದು. ಆಮೇಲೆ ಪೈಪಿನೊಳಗೆ ಹೊಗೆ ಬಿಡೋದು. ಹೊಗೆ ಮನೆಯೊಳಗೆ ಬಂತೋ, ಪೈಪು ಒಡೆದಿದೆ ಅಂತ." ಸಮರ್ಥ ಗಂಟಲು ದಪ್ಪ ಮಾಡಿಕೊಂಡು, ಇಲ್ಲದ ಮೀಸೆ ತೀಡಿ, ಹಳೆಯ ಸಾಹೇಬನಾದ. "ಮೇಡಮ್, ಯುವರ್ ಡ್ರೇನ್ ಈಸ್ ಎ ಡಿಸ್ಗ್ರೇಸ್."

ಶಿವಕ್ಕ ತಕ್ಷಣ ಅದನ್ನು ಎತ್ತಿಕೊಂಡಳು, "ಮ್ಯಾಡಮ್, ಯುವರ್ ಡ್ರೇನ್", ಮೀಸೆ ಸಮೇತ. ಸಮರ್ಥನಿಗಿಂತ ಅವಳ ಸಾಹೇಬನೇ ಹೆಚ್ಚು ಸಾಹೇಬ. ಮಾಳವಿಕಾ ನಕ್ಕಳು.

"ಗಂಧಕ ಗಿಂಧಕ ಸುಡ್ತಿದ್ರೇನಪಾ?" ಶಿವಕ್ಕ ಅದೇ ನಗೆಯಲ್ಲಿ ಕೇಳಿದಳು.

"ನಿಮಗೆ ಹೇಗೆ ಗೊತ್ತು? ರೋಗಿಯ ಕೋಣೆಗೆ ಸುತ್ತ ಕಾಗದ ಅಂಟಿಸಿ, ಒಳಗೆ ಗಂಧಕ ಸುಟ್ಟು ಬಾಗಿಲು ಹಾಕ್ತಿದ್ರು. ಒಂದು ಕಥೆ ಇದೆ, ಪ್ರದರ್ಶನಕ್ಕೆ ಹಾಕ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಈ ಕಡೆಯ ಬೀದಿಗಳಲ್ಲಿ ಹೆರಿಗೆ ಮಾಡಿಸೋ ಒಬ್ಬಾಕೆ ಇದ್ಲು. ತುಂಬಾ ಶುಚಿ, ಎಲ್ಲರಿಗೂ ಅವಳೇ ಬೇಕು. ಆದ್ರೆ ಒಂದು ಚಳಿಗಾಲ ಅವಳು ಹೋದ ಮನೆಗಳಲ್ಲೆಲ್ಲ ಬಾಣಂತಿಯರಿಗೆ ಜ್ವರ, ಕೆಲವರು ಸತ್ತೂ ಹೋದ್ರು. ಸಾಹೇಬ ಮನೆ ಮನೆ ಮೋರಿ ಮೂಸಿ ನೋಡ್ದ. ಮೋರಿ ಚೆನ್ನಾಗೇ ಇದ್ವು. ಕಡೆಗೆ ಅವಳ ಕೈ ನೋಡ್ದ. ಬೆರಳಲ್ಲಿ ಕೀವಾದ ಹುಣ್ಣು. ಬಟ್ಟೆ ಸುತ್ತಿ ಮುಚ್ಚಿಟ್ಟಿದ್ಲು."

"ಯಾಕ ಮುಚ್ಚಿಟ್ಲು?"

"ತೋರಿಸಿದ್ರೆ ಕೆಲಸ ನಿಲ್ಲಿಸ್ತಾರಲ್ಲ. ಮೈಗಿಂತ ಬಾಗಿಲು ಮುಚ್ಚುತ್ತೆ ಅನ್ನೋ ಭಯಾನೇ ಜಾಸ್ತಿ ಜನಕ್ಕೆ. ಆಗಲೂ ಅಷ್ಟೇ, ಈಗಲೂ ಅಷ್ಟೇ."

ಶಿವಕ್ಕ ಲವಂಗ ಕಚ್ಚಿದಳು. ಅವಳಿಗೆ ಅರ್ಥವಾದದ್ದು ಇಷ್ಟೇ: ಬಾಣಂತಿಯರನ್ನು ತಿಂದವಳು ಮತ್ತೆ ಬಂದಿದ್ದಾಳೆ, ಈ ಸಲ ಕೂಸಿಗಾಗಿ.

ಆಮೇಲಿನ ಭೇಟಿಗಳೆಲ್ಲ ಯುದ್ಧವೇ. ಶಿವಕ್ಕ ಕೂಸಿನ ತಲೆದಿಂಬಿನ ಕೆಳಗೆ ಅಡಕತ್ತರಿ ಇಟ್ಟಳು, ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು, ಬಚ್ಚಲಿಗೆ ಲೋಬಾನದ ಹೊಗೆ ಹಾಕಿದಳು. ಹೊಗೆ ಅಡುಗೆಮನೆ ತಲುಪಿದ್ದೇ ಸೂರಿನ ಅಲಾರಮ್ಮು ಬಾಯಿ ಬಡಿದುಕೊಂಡಿತು. ಸಮರ್ಥ ಸ್ಟೂಲು ಹತ್ತಿ ಅದರ ಬಾಯಿ ಮುಚ್ಚಿಸುತ್ತ, "ಅಜ್ಜಿ, ನೀವು ಇನ್‌ಸ್ಪೆಕ್ಟರ್ ಕೆಲಸಕ್ಕೆ ಅರ್ಜಿ ಹಾಕಿ" ಅಂದ. ಶಿವಕ್ಕ ನಗಲಿಲ್ಲ. ಹೊಗೆಯ ನಡುವೆ ಆ ಹೆಂಗಸು ಹಾಗೇ ನಿಂತಿದ್ದಳು, ಉಗುರು ಉಜ್ಜುತ್ತ. ಊದಲು ಬಗ್ಗಿದಾಗಲೆಲ್ಲ ಅದೇ ತಣ್ಣನೆಯ ಅಂಗೈ. ಊದದೆ ಎತ್ತಿಕೊಂಡರೆ ಅಂಗೈ ಇಲ್ಲ. ಅದನ್ನು ಶಿವಕ್ಕ ಗಮನಿಸಿದಳು, ಆದರೆ ಯೋಚಿಸಲಿಲ್ಲ. ಯೋಚಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಳುಕು ಒಳಗೆಲ್ಲೋ ಇತ್ತು.

ಅಷ್ಟರಲ್ಲಿ ತಂಗಿಯ ಅಳಿಯನ ಗುಳಿಗೆ ಮುಗಿಯಿತು. ಕೆಮ್ಮು ದೊಡ್ಡದಾಯಿತು. ಹಾಗಿದ್ದರೂ ಒಂದು ಮಧ್ಯಾಹ್ನ ಅವಳು ಈಸ್ಟ್ ಹ್ಯಾಮಿಗೆ ಹೊರಟಳು. ಬಾಯಲ್ಲಿ ಎರಡು ಲವಂಗ, ರೈಲಿನಲ್ಲಿ ಯಾರ ಅಣಕವನ್ನೂ ಮಾಡಲಿಲ್ಲ.

ಮಾಳವಿಕಾ ಬಾಗಿಲು ತೆಗೆದು, "ಮುಂದಿನ ರೂಮಲ್ಲಿ ಮಲಗಿದಾಳೆ ಶಿವಕ್ಕ, ಎತ್ಕೊಳ್ಳಿ, ನಾನು ನೀರು ಬಿಡ್ತೀನಿ" ಎಂದು ಒಳಗೆ ಹೋದಳು.

ತೊಟ್ಟಿಲು ಕಿಟಕಿಯ ಬಳಿ. ತೊಟ್ಟಿಲಿಗೂ ಶಿವಕ್ಕನಿಗೂ ನಡುವೆ ಅವಳು. ಬಚ್ಚಲು ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು. ಹಗಲ ಬೆಳಕಿನಲ್ಲಿ ಏಪ್ರನ್ನಿನ ಇಸ್ತ್ರಿ ಗೆರೆ ಕೂಡ ಕಾಣುತ್ತಿತ್ತು.

"ಸರಿ ಆಕಡೆ" ಅಂದಳು ಶಿವಕ್ಕ, ಮೆಲ್ಲಗೆ. "ನಿನ್ನ ಕಾಲ ಮುಗದೈತಿ. ಅದು ನಿಂದಲ್ಲ, ಬಿಡು ಅದನ್ನ."

ಹೆಂಗಸು ಅಲುಗಲಿಲ್ಲ. ಶಿವಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಹೆಂಗಸು ಎರಡೂ ತೋಳನ್ನು ಸ್ವಲ್ಪ ಅಗಲಿಸಿದಳು. ಆಗ ಶಿವಕ್ಕನ ಕಣ್ಣಿಗೆ ಅದು ಬಿತ್ತು. ತೊಟ್ಟಿಲಿಗೆ ಅವಳ ಬೆನ್ನಿತ್ತು. ಕೂಸು ಬೇಕಾದವಳು ಕೂಸಿನ ಕಡೆ ನೋಡುತ್ತಾಳೆ. ಅಂಗಳದಲ್ಲಿ ಮಕ್ಕಳು ಆಡುವಾಗ ಹುಚ್ಚುನಾಯಿ ಒಳಗೆ ಬಂದರೆ ಹೆಂಗಸರು ನಿಲ್ಲುತ್ತಾರಲ್ಲ, ಮಕ್ಕಳಿಗೆ ಬೆನ್ನು, ನಾಯಿಗೆ ಮುಖ, ಇವಳು ಹಾಗೆ ನಿಂತಿದ್ದಳು. ಮುಖ ಶಿವಕ್ಕನ ಕಡೆಗಿತ್ತು.

ಹೆಂಗಸು ಬಾಯಿ ತೆರೆದಳು. ಬಂದದ್ದು ಕೆಮ್ಮು.

ಒಣಗಿದ ಜೋಡಿ ಕೆಮ್ಮು, ಕೊನೆಗೊಂದು ಸಣ್ಣ ಸಿಳ್ಳು, ಆಮೇಲೆ ಯಾರಿಗೂ ಕೇಳದಂತೆ ನುಂಗುವುದು. ಶಿವಕ್ಕನದೇ ಕೆಮ್ಮು, ಅಚ್ಚು. ಜೀವಮಾನವೆಲ್ಲ ಇನ್ನೊಬ್ಬರ ಸದ್ದು ಕದ್ದವಳ ಸದ್ದನ್ನು ಮೊದಲ ಸಲ ಯಾರೋ ಕದ್ದು ಅವಳ ಮುಂದೆ ಹಿಡಿದಿದ್ದರು. ಒಳಗಿನಿಂದ ಕೇಳಿದಾಗ ಅದು ಬರೀ ನೆಗಡಿ. ಹೊರಗಿನಿಂದ ಕೇಳಿದ ಕೂಡಲೇ ಅವಳ ಕಿವಿ ಅದರ ಗುರುತು ಹಿಡಿಯಿತು. ಅವಳ ಮೈದುನ ಶೇಖರಪ್ಪನ ಕೆಮ್ಮು. ಸೊಸೆಯಾಗಿ ಹೊಸದಾಗಿ ನಡೆಯಲು ಬಂದಾಗ ಅವನ ಕೋಣೆಯ ಹೊರಗೆ ನಿಂತು ಅದನ್ನು ಅಣಕಿಸಿ ಓರಗೆಯ ಹುಡುಗಿಯರನ್ನು ನಗಿಸುತ್ತಿದ್ದಳು. ಆ ಸಿಳ್ಳು, ಆ ನುಂಗು. ಅವನನ್ನು ಕ್ಷಯದ ಆಸ್ಪತ್ರೆಗೆ ಒಯ್ದರು, ತಿರುಗಿ ತರಲಿಲ್ಲ.

"ಶಿವಕ್ಕ, ನೀರು ರೆಡಿ" ಎಂದು ಒಳಗಿನಿಂದ ಕೂಗು.

ಶಿವಕ್ಕ ಹಿಂದಕ್ಕೆ ನಡೆದಳು. ಕೋಣೆಯಿಂದ ಹೊರಗೆ, ನಡುಮನೆಯಿಂದ ಹೊರಗೆ, ಮುಂಬಾಗಿಲು ತೆಗೆದು ಮೆಟ್ಟಿಲ ಕೆಳಗೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮಾಳವಿಕಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಯಾಕೆ, ಏನಾಯ್ತು? ಒಳಗೆ ಬನ್ನಿ."

"ಅಲ್ಲೇ ನಿಲ್ಲು ಮಾಳವ್ವಾ. ಹತ್ರ ಬರಬ್ಯಾಡ. ನನಗ ಕೆಮ್ಮು ಐತಿ. ದೀಪಾವಳಿ ಆದಾಗಿಂದ."

ಮಾಳವಿಕಾಳ ಮುಖದಿಂದ ತಾಯಿ ಇಳಿದು ಡಾಕ್ಟರು ಏರಿದ್ದು ಶಿವಕ್ಕನಿಗೆ ಕಾಣಿಸಿತು. "ಜ್ವರ?"

"ಸಂಜೀಕ."

"ಬೆವರು? ರವಿಕೆ ಸಡಿಲ ಆಗಿದ್ಯಾ?"

"ಹೂಂ."

"ಏನು ಮಾತ್ರೆ ತಗೊಂಡ್ರಿ?"

ಶಿವಕ್ಕ ಚೀಲದಿಂದ ಖಾಲಿ ಪಟ್ಟಿ ತೆಗೆದು ಮೆಟ್ಟಿಲ ಮೇಲಿಟ್ಟಳು. ಮಾಳವಿಕಾ ಬಗ್ಗಿ ಹೆಸರು ಓದಿ, ಹಾಗೇ ಬಾಗಿಲ ಚೌಕಟ್ಟಿಗೆ ಒರಗಿದಳು.

"ಇದು ಟಿಬಿಯನ್ನ ಅರ್ಧ ಮಲಗಿಸುತ್ತೆ ಶಿವಕ್ಕ. ಸಾಯಿಸಲ್ಲ. ನೀವು ನಿಮಗೇ ಮೋಸ ಮಾಡ್ಕೊಂಡಿದ್ದೀರಿ." ಆಮೇಲೆ, ಬೇರೆಯೇ ದನಿಯಲ್ಲಿ, "ಅವಳಿಗೆ ಊದಿದ್ರಾ?"

"ಮೊದಲನೇ ಸಲ ಊದೀನಿ. ಆಮ್ಯಾಲೆ ಊದಾಕ ಆಗಿಲ್ಲ."

"ಆಗಿಲ್ಲ ಅಂದ್ರೆ?"

ಶಿವಕ್ಕ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿದಳು. ಮಾಳವಿಕಾ ಬೈಯಲಿಲ್ಲ. ಬಾಗಿಲು ಹಾಕಿಕೊಂಡಳು, ಅಷ್ಟೇ. ಒಳಗೆ ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳುವುದು ಕೇಳಿಸಿತು. ಶಿವಕ್ಕ ಸ್ಟೇಷನ್ನಿನ ಕಡೆ ನಡೆದಳು. ಪಕ್ಕದಲ್ಲಿ ಗಂಧಕದ ವಾಸನೆ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ಹೈ ಸ್ಟ್ರೀಟಿನ ಸೀರೆ ಅಂಗಡಿಯ ಗಾಜಿನಲ್ಲಿ ಒಬ್ಬಳೇ ಕಂಡಳು, ಆದರೂ ಫುಟ್‌ಪಾತಿನಲ್ಲಿ ಎದುರು ಬಂದವರು ಇಬ್ಬರಿಗಾಗುವಷ್ಟು ದಾರಿ ಬಿಡುತ್ತಿದ್ದರು.

ಪರೀಕ್ಷೆ ಆಯಿತು, ಕ್ಷಯವೇ ಆಯಿತು. ಫೆಲ್ಥಮ್ಮಿನ ಫ್ಲ್ಯಾಟಿನಲ್ಲಿ ಅವಳಿಗೊಂದು ಕೋಣೆ, ಕಿಟಕಿ ಯಾವಾಗಲೂ ತೆರೆದಿರಬೇಕೆಂಬ ಅಪ್ಪಣೆ. ಸಂಗಮೇಶ ಊಟವನ್ನು ಬಾಗಿಲ ಹೊರಗೆ ಇಡುತ್ತಿದ್ದ. ಕ್ಷಯದ ಕೆಲಸ ನೋಡುವ ನರ್ಸು ಫೋನು ಮಾಡಿ, ಯಾವ ಯಾವ ಮನೆಗೆ ಹೋಗಿದ್ದಿರಿ ಎಂದು ಕೇಳಿದಳು. ಮಾತು ತಿಳಿಸಿ ಹೇಳಲು ಬಾಗಿಲಾಚೆ ಸಂಗಮೇಶ, ಅದೇ ಕರೆಗೆ ಸೇರಿಕೊಂಡ ಮಾಳವಿಕಾ. ಶಿವಕ್ಕನಿಗೆ ಮನೆ ನಂಬರು ಗೊತ್ತಿಲ್ಲ, ಬೀದಿಯ ಹೆಸರು ಗೊತ್ತಿಲ್ಲ. ಮಗನೇ ಟಿಕೀಟು ತೋರಿಸಿ ಹತ್ತಿಸುವುದು, ಮೊದಲ ಸಲ ಅವರೇ ಸ್ಟೇಷನ್ನಿಗೆ ಬಂದು ಕರೆದೊಯ್ಯುವುದು, ಆಮೇಲೆ ಕಾಲಿಗೇ ದಾರಿ ಗೊತ್ತು. ಮಾಳವಿಕಾಳನ್ನು ಬಿಟ್ಟರೆ ತಾಯಂದಿರೆಲ್ಲ ಅವಳಿಗೆ "ತಂಗೀ".

"ಕೂಸು ಹೆಂಗ ಅಳ್ತಿದ್ವು, ಅದು ನೆನಪೈತಿ" ಅಂದಳು.

ಆಮೇಲೆ ಅತ್ತು ತೋರಿಸಿದಳು. ಬೆಕ್ಕಿನ ಮರಿಯ ಹಾಗೆ ಎಳೆದೆಳೆದು ಅಳುವ ಒಂದು. ಉಸಿರು ಕಟ್ಟಿ, ಇನ್ನು ಬರುವುದೇ ಇಲ್ಲವೇನೋ ಎನ್ನುವಾಗ ಬಾಯಿ ಬಿಡುವ ಇನ್ನೊಂದು. ಮುದುಕಿಯ ಗಂಟಲಿನಿಂದ ಹೊಸ ಕೂಸಿನ ಅಳು ಬರುವುದನ್ನು ಕೇಳಿ ಸಂಗಮೇಶ ಬಾಗಿಲಿನಿಂದ ಕೈ ತೆಗೆದುಕೊಂಡ.

"ಉಸಿರು ಕಟ್ಟಿ ಅಳೋದು ನಿತೀಶ-ಶ್ರೀಲತಾ ಮಗು, ಕ್ವೀನ್ಸ್‌ಬರಿ" ಅಂದಳು ಅವರ ಮನೆಗೆ ಹೋಗಿ ಬಂದಿದ್ದ ಮಾಳವಿಕಾ. "ಇನ್ನೊಂದು ಅವರ ಪಕ್ಕದ ಬೀದಿ. ನಂಬರು ಕೊಡ್ತೀನಿ."

ಮಾಳವಿಕಾಳ ಕೂಸಿನ ಎಕ್ಸ್‌ರೇ ಚೆನ್ನಾಗಿತ್ತು, ಎಚ್ಚರಿಕೆಗೆ ಔಷಧ ಶುರು ಮಾಡಿದರು. ಪಕ್ಕದ ಬೀದಿಯದೂ ಹಾಗೇ. ಉಸಿರು ಕಟ್ಟಿ ಅಳುವ ಕೂಸಿನ ಎದೆಯಲ್ಲಿ ಮಾತ್ರ ಮಬ್ಬು ಕಂಡಿತು. ಆಸ್ಪತ್ರೆಯಲ್ಲಿಟ್ಟುಕೊಂಡರು. ಬೇಗ ಗೊತ್ತಾಗಿದೆ, ವಾಸಿಯಾಗುತ್ತದೆ ಅಂದರು. ಶ್ರೀಲತಾ ಒಮ್ಮೆ ಫೋನು ಮಾಡಿ, "ಯಾಕೆ ಹೇಳಲಿಲ್ಲ ಶಿವಕ್ಕ?" ಎಂದು ಕೇಳಿದಳು.

ಕೆಲವು ವಾರದ ಮೇಲೆ ನರ್ಸು ತಾನೇ ಫ್ಲ್ಯಾಟಿಗೆ ಬಂದಳು. ಮುಖಕ್ಕೆ ಮಾಸ್ಕು, ಕಣ್ಣಲ್ಲಿ ನಗೆ. ಗುಳಿಗೆ ನುಂಗುವುದನ್ನು ನೋಡಿದಳು, ಕಿಟಕಿ ತೆರೆದಿರುವುದನ್ನು ನೋಡಿದಳು, ಮೂಗು ಎಳೆದು, ಇಲ್ಲಿ ಬೆಂಕಿಕಡ್ಡಿ ಗೀರಿದಿರಾ ಎಂದು ಕೇಳಿದಳು. ಸಂಗಮೇಶ ಇಲ್ಲ ಅಂದ. ಆಮೇಲೆ ಅವಳು ಏನೋ ಉದ್ದಕ್ಕೆ ಕೇಳಿದಳು.

"ಯವ್ವಾ, ಯಾರನ್ನರ ಬಿಟ್ಟೀಯೇನು ಅಂತ ಕೇಳಾಕತ್ತಾರ. ನಿನ್ನ ಕೋಣ್ಯಾಗ ಇರೂವ್ರು, ಬರೂವ್ರು, ಎಲ್ಲಾರ ಹೆಸರು ಬೇಕಂತ."

ಶಿವಕ್ಕ ಕಿಟಕಿಯ ಪಕ್ಕದ ಕುರ್ಚಿಯ ಕಡೆ ನೋಡಿದಳು. ಅಲ್ಲಿ ಈಗ ಉಗುರು ಉಜ್ಜುವ ಸದ್ದಿಲ್ಲ. ಬೆರಳಿನ ಬಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಹುಣ್ಣನ್ನು ಗಾಳಿಗೆ ಹಿಡಿದು ಅವಳು ಸುಮ್ಮನೆ ಕೂತಿದ್ದಳು.

"ಒಬ್ಬಾಕಿ ಅದಾಳ" ಅಂದಳು ಶಿವಕ್ಕ. "ಹೆಸರು ನಾನೂ ಕೇಳಿಲ್ಲ. ಕೇಳಿ ಹೇಳ್ತೀನಿ ಅನ್ನು."